ಹಲ್ಲಪ್ಪನವರ ರೆಕಾರ್ಡಿಂಗ್ ಕೋಣೆ

ಓಣಿಯವರು ಅವರಿಗೆ ಹಲ್ಲಪ್ಪ ಎಂದು ಹೆಸರಿಟ್ಟು ಎಷ್ಟೋ ವರ್ಷವಾಗಿತ್ತು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಎದುರಿಗೆ ‘ಸರ್’, ತಿರುವು ದಾಟಿದ ಮೇಲೆ ‘ಹಲ್ಲಪ್ಪ’. ಇದು ಅವರಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ದಂತವೈದ್ಯೆಯೊಬ್ಬರ ಕ್ಲಿನಿಕ್ಕಿನ ಹಿಂಬದಿ ಕೋಣೆಯಲ್ಲಿ ಇಪ್ಪತ್ತೇಳು ವರ್ಷ ಹಲ್ಲಿನ ಸೆಟ್ಟು ಕಟ್ಟಿದ ಮನುಷ್ಯನನ್ನು ಮತ್ತೇನೆಂದು ಕರೆದಾರು?

ಆ ಕೋಣೆಗೂ ಮುಂದಿನ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಗೂಡು ಇತ್ತು. ಮುಂದೆ ಡಾಕ್ಟರಮ್ಮ ರೋಗಿಯ ಬಾಯಿಂದ ಅಚ್ಚು ತೆಗೆದು ಆ ಗೂಡಿನಲ್ಲಿಡುತ್ತಿದ್ದರು, ಹಿಂದಿನಿಂದ ಹಲ್ಲಪ್ಪ ಎತ್ತಿಕೊಳ್ಳುತ್ತಿದ್ದರು. ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಹಲ್ಲು ಜೋಡಿಸಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ವಸಡಿನ ಬಣ್ಣದ ಹಿಟ್ಟು ಒತ್ತಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಅದೇ ಗೂಡಿನಲ್ಲಿ ವಾಪಸು ಇಡುವುದು ಅವರ ಕೆಲಸ. ಯಾರ ಹಲ್ಲು ಕಟ್ಟುತ್ತಿದ್ದರೋ ಅವರ ಮುಖವನ್ನು ಅವರು ನೋಡುತ್ತಿದ್ದದ್ದೇ ಅಪರೂಪ. ಆದರೆ ರಸ್ತೆಯಲ್ಲಿ ಯಾರಾದರೂ ನಕ್ಕರೆ ತಮ್ಮ ಕೈಕೆಲಸ ಹೌದೋ ಅಲ್ಲವೋ ಎಂದು ಹತ್ತು ಮಾರು ದೂರದಿಂದಲೇ ಹೇಳುತ್ತಿದ್ದರು. ನೆಂಟರ ಮನೆಗೆ ಹೋದಾಗ ಹೆಂಡತಿ ಪಕ್ಕದಲ್ಲೇ ಕೂತು ತೊಡೆ ಚಿವುಟುತ್ತಿದ್ದರು. “ರೀ, ಜನರ ಮುಖ ನೋಡಿ ಮಾತಾಡಿ. ಬಾಯೊಳಗೆ ಇಣುಕಬೇಡಿ.”

ಹೆಂಡತಿ ಪ್ರಾಥಮಿಕ ಶಾಲೆಯ ಗಣಿತದ ಟೀಚರು. ಮನೆಯಲ್ಲಿ ಮೂರನೆಯವರು ಆಕೆಯ ತಂದೆ. ಬಟ್ಟೆ ಗಿರಣಿಯ ಬ್ಯಾಂಡಿನಲ್ಲಿ ಮೂವತ್ತು ವರ್ಷ ಕ್ಲಾರಿನೆಟ್ ಊದಿ, ಕೊನೆಯ ಹನ್ನೆರಡು ವರ್ಷ ಬ್ಯಾಂಡ್ ಮಾಸ್ಟರ್ ಆಗಿದ್ದವರು. ಗಿರಣಿ ಮುಚ್ಚಿದ ದಿನ ಕಹಳೆ, ಡೋಲು ಎಲ್ಲ ಆಫೀಸಿಗೆ ವಾಪಸಾದವು. ಕ್ಲಾರಿನೆಟ್ ಮಾತ್ರ ಅವರ ಸ್ವಂತದ್ದು, ಮನೆಗೆ ಬಂತು. ಓಣಿಯಲ್ಲಿ ಅವರಿಗೂ ‘ಮಾಸ್ಟರ್’ ಎಂಬುದೇ ಹೆಸರು. ದಿನಾ ಸಂಜೆ ಐದರಿಂದ ಆರರವರೆಗೆ ಊದುತ್ತಿದ್ದರು. ಮಾತು ಕಡಿಮೆ. ಅಳಿಯನ ಜೊತೆಗಂತೂ ಪತ್ರ ಬರೆದ ಹಾಗೆ ಮಾತಾಡುತ್ತಿದ್ದರು. ಕುಶಲ, ವಿಷಯ, ಮುಕ್ತಾಯ.

ಎಪ್ಪತ್ನಾಲ್ಕನೆಯ ವಯಸ್ಸಿಗೆ ಅವರ ವಸಡು ಕೈಕೊಟ್ಟಿತು. ಒಂದೇ ಚಳಿಗಾಲದಲ್ಲಿ ಉಳಿದಿದ್ದ ಹನ್ನೊಂದು ಹಲ್ಲೂ ಹೋದವು. ಹಲ್ಲಪ್ಪ ಮಾವನಿಗೆ ಸೆಟ್ಟು ಕಟ್ಟಿದರು. ಅಷ್ಟು ಶ್ರದ್ಧೆಯಿಂದ ಅವರು ಹಿಂದೆಂದೂ ಕೆಲಸ ಮಾಡಿರಲಿಲ್ಲ. ಹಾಕಿಕೊಂಡ ಮಾರನೆಯ ವಾರವೇ ಮಾಸ್ಟರು ಸೇಬು ಕಚ್ಚಿ ತಿಂದರು. ಮಗಳು ಕೈ ತಟ್ಟಿದರು.

ಅದೇ ಸಂಜೆ ಐದಕ್ಕೆ ಮಾಸ್ಟರು ಪೆಟ್ಟಿಗೆ ತೆರೆದು ಕ್ಲಾರಿನೆಟ್ ಜೋಡಿಸಿ ಬಾಯಿಗಿಟ್ಟುಕೊಂಡರು. ಒಂದು ಸ್ವರ ಬಂತು, ಅದರ ಹಿಂದೆಯೇ ಸೀಟಿಯಂಥ ಸದ್ದು. ಆಮೇಲೆ ಮೇಲಿನ ಸೆಟ್ಟು ಕಳಚಿ ನಾಲಿಗೆಯ ಮೇಲೆ ಬಿತ್ತು. ಇನ್ನೊಮ್ಮೆ ಊದಿದರು, ಇನ್ನೊಮ್ಮೆ ಬಿತ್ತು. ವಾದ್ಯವನ್ನು ಬಿಡಿಸಿ, ಒರೆಸಿ, ಪೆಟ್ಟಿಗೆಯಲ್ಲಿಟ್ಟು ಬೀರುವಿನ ಮೇಲೆ ತಳ್ಳಿದರು. ಬಾಗಿಲಲ್ಲಿ ನಿಂತಿದ್ದ ಅಳಿಯನನ್ನು ನೋಡಿ, “ಊಟಕ್ಕೆ ಚೆನ್ನಾಗಿದೆ ಅಳಿಯಂದ್ರೆ,” ಎಂದರು.

ಬೈದಿದ್ದರೆ ಹಲ್ಲಪ್ಪ ಮರೆಯುತ್ತಿದ್ದರೇನೋ. ಈ ಮಾತು ಮಾತ್ರ ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನ ಹಾಗೆ ಉಳಿದುಬಿಟ್ಟಿತು. ಮನೆಯಲ್ಲಿ ಸಂಜೆ ಐದು ಗಂಟೆ ಸುಮ್ಮನೆ ಬಂದು ಸುಮ್ಮನೆ ಹೋಗತೊಡಗಿತು.

ಮೂರು ತಿಂಗಳಾದ ಮೇಲೆ ಅವರು ಡಾಕ್ಟರಮ್ಮನನ್ನು ಕೇಳಿದರು. ಡಾಕ್ಟರಮ್ಮ ಕನ್ನಡಕ ತೆಗೆದು, “ತಿನ್ನೋ ಹಲ್ಲು ಗೊತ್ತು, ನಗೋ ಹಲ್ಲು ಗೊತ್ತು. ಊದೋ ಹಲ್ಲು ಅಂತ ನಾನು ಎಲ್ಲೂ ಓದಿಲ್ಲ. ಅಚ್ಚು ಬೇಕಾದ್ರೆ ತೆಗೆದುಕೊಡ್ತೀನಿ. ಮುಂದಿನದು ನಿಮ್ಮ ತಲೆನೋವು,” ಎಂದರು.

ಹಲ್ಲಪ್ಪನವರಿಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಮೊದಲು ಬಾಯಲ್ಲಿ ಏನಾಗುತ್ತದೆಂದು ತಿಳಿಯಬೇಕಿತ್ತು. ಮಾವ ವಾಕಿಂಗ್‌ಗೆ ಹೋಗಿದ್ದಾಗ ಬೀರುವಿನ ಮೇಲಿನ ಪೆಟ್ಟಿಗೆ ಇಳಿಸಿ, ವಾದ್ಯದ ತುದಿಯನ್ನು ತಮ್ಮ ಬಾಯಿಗೇ ಇಟ್ಟುಕೊಂಡು ಊದಿ ನೋಡಿದರು. ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದೇ ಓಡಿ ಬಂದರು.

“ಏನ್ರೀ ಅದು? ಎಮ್ಮೆ ಕರು ಹಾಕ್ತಿದೆಯೇನೋ ಅಂದ್ಕೊಂಡೆ.”

“ಮೇಲಿನ ಮುಂಬಲ್ಲು ಇದರ ಮೇಲೆ ಕೂರುತ್ತೆ,” ಎಂದರು ಹಲ್ಲಪ್ಪ, ಗಂಭೀರವಾಗಿ. “ಅಂದ್ರೆ ಊದುವಾಗ ಮುಂದೆ ಮೇಲಕ್ಕೆ ಒತ್ತುತ್ತೆ. ಮುಂದೆ ಒತ್ತಿದ್ರೆ ಹಿಂದೆ ಕೆಳಗೆ ಬರುತ್ತೆ. ಗಾಳಿ ಒಳಗೆ ನುಗ್ಗುತ್ತೆ. ಮುಗೀತು.”

ಹಿಂಭಾಗದ ಹಿಡಿತ ಬಿಗಿ ಮಾಡಿ, ಮುಂಬಲ್ಲಿನ ಅಂಚನ್ನು ಚಪ್ಪಟೆಯಾಗಿ ತೇಯ್ದು ಇನ್ನೊಂದು ಸೆಟ್ಟು ಕಟ್ಟಿದರು. ಸರಿಹೋಗಲಿಲ್ಲ. ಮತ್ತೊಂದು. ಅದೂ ಇಲ್ಲ. ನಾಲ್ಕನೆಯ ಸೆಟ್ಟು ನಿಂತಿತು. ಮಾಸ್ಟರು ಕಣ್ಣು ಮುಚ್ಚಿ ಊದಿದರು, ಎರಡು ನಿಮಿಷ ನಾದ ಅಲುಗದೆ ಬಂತು. ಆಮೇಲೆ ಜೊಲ್ಲು ಸೇರಿ, ಕೆನ್ನೆ ಸೋತು, ಸೆಟ್ಟು ಸಡಿಲಾಯಿತು. ಬಾಯಿ ತೊಳೆದು ಹತ್ತು ನಿಮಿಷ ಸುಧಾರಿಸಿಕೊಂಡರೆ ಮತ್ತೆ ಎರಡು ನಿಮಿಷ. ಅದಕ್ಕಿಂತ ಹೆಚ್ಚು ಏನು ಮಾಡಿದರೂ ಇಲ್ಲ.

“ಎರಡು ನಿಮಿಷದಲ್ಲಿ ಏನು ಊದೋದು ಅಳಿಯಂದ್ರೆ? ಬಸ್ಸಿನ ಹಾರ್ನಾ?” ಎಂದರು ಮಾಸ್ಟರು. ಆದರೂ ಈ ಸಲ ಪೆಟ್ಟಿಗೆಯನ್ನು ಬೀರುವಿನ ಮೇಲೆ ತಳ್ಳಲಿಲ್ಲ, ಮೇಜಿನ ಮೇಲೆ ಇಟ್ಟರು. ಹಲ್ಲಪ್ಪ ಅದನ್ನು ಗಮನಿಸಿದರು.

ಕ್ಲಿನಿಕ್ಕಿನ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ಒಬ್ಬ ರಿಪೇರಿಯವನು ಬರುತ್ತಿದ್ದ. ನಲವತ್ತು ದಾಟಿದವನು, ಮಾತಿನ ಮಲ್ಲ. ಎಕ್ಸ್‌ರೇ ನೋಡುವ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಲು ಅವನು ತಂತಿ ಬಿಚ್ಚುತ್ತಿದ್ದಾಗ ಹಲ್ಲಪ್ಪ ಎರಡು ನಿಮಿಷದ ಕಥೆ ಹೇಳಿದರು. ಅವನು ನಕ್ಕ. “ಸರ್, ಎರಡು ನಿಮಿಷ ಅಂದ್ರೆ ಧಾರಾಳ ಆಯ್ತು. ಈಗ ದೊಡ್ಡ ದೊಡ್ಡ ಹಾಡುಗಾರರೂ ಒಂದೇ ಉಸಿರಿಗೆ ಹಾಡಲ್ಲ. ಒಂದೊಂದು ಸಾಲು ಹಾಡ್ತಾರೆ, ಆಮೇಲೆ ಕಂಪ್ಯೂಟರಲ್ಲಿ ಕೂತು ಹೊಲೀತಾರೆ.”

“ಹೊಲಿಗೆ ಕಾಣಲ್ವಾ?”

“ನಿಮ್ಮ ಸೆಟ್ಟಲ್ಲಿ ಕಾಣುತ್ತಾ? ಹಾಗೇ ಇದೂ. ಇನ್ನೊಂದು ಮಜಾ ಹೇಳ್ತೀನಿ ಕೇಳಿ. ಒಂದು ಪಟ್ಟಿಯಲ್ಲಿ ಒಂದು ವಾದ್ಯ, ಅದರ ಕೆಳಗೆ ಇನ್ನೊಂದು ಪಟ್ಟಿ, ಅದರಲ್ಲಿ ಇನ್ನೊಂದು. ಟ್ರ್ಯಾಕ್ ಅಂತಾರೆ. ಮೊದಲನೇದನ್ನ ಕಿವೀಲಿ ಕೇಳ್ತಾ ಎರಡನೇದು ನುಡಿಸೋದು. ಎಲ್ಲಾ ಒಟ್ಟಿಗೆ ಬಿಟ್ರೆ ಒಬ್ಬನೇ ಮನುಷ್ಯ ಇಡೀ ಬ್ಯಾಂಡು.”

ಹಲ್ಲಪ್ಪ ಆ ದಿನ ಮೇಣ ಕಾಯಿಸಿ ಮರೆತು ಕೂತಿದ್ದರಂತೆ.

ಮಾಸ್ಟರ ಟ್ರಂಕಿನಲ್ಲಿ ರಟ್ಟಿನ ಹೊದಿಕೆಯ ಒಂದು ಪುಸ್ತಕವಿತ್ತು. ಅದರಲ್ಲಿ ಅವರೇ ಕಟ್ಟಿದ ಒಂದು ಮಾರ್ಚ್, ಪಾಳಿ ಬದಲಾಗುವಾಗ ಗಿರಣಿಯ ಗೇಟಿನಲ್ಲಿ ನುಡಿಸುತ್ತಿದ್ದದ್ದು. ಮೊದಲ ಕ್ಲಾರಿನೆಟ್, ಎರಡನೆಯ ಕ್ಲಾರಿನೆಟ್, ಟ್ರಂಪೆಟ್, ದೊಡ್ಡ ಬಾಸ್ ಕಹಳೆ, ಡ್ರಮ್ಮು, ಹೀಗೆ ಐದು ಜನರಿಗೆ ಐದು ಭಾಗ ಬರೆದಿದ್ದರು. ಅದನ್ನು ಯಾರೂ ಎಂದೂ ರೆಕಾರ್ಡ್ ಮಾಡಿರಲಿಲ್ಲ. ನುಡಿಸಿದವರಲ್ಲಿ ಈಗ ಉಳಿದವರು ಮಾಸ್ಟರು ಮತ್ತು ಟ್ರಂಪೆಟ್ಟಿನವರು, ಇಬ್ಬರೇ.

ಗುಜರಿಗೆ ಹೋಗಬೇಕಿದ್ದ ಕಂಪ್ಯೂಟರು ಹಲ್ಲಪ್ಪನವರ ಮನೆಗೆ ಬಂತು. ರೆಕಾರ್ಡಿಂಗಿನ ತಂತ್ರಾಂಶವನ್ನು ರಿಪೇರಿಯವನು ಪುಕ್ಕಟೆಯಾಗಿ ಇಳಿಸಿಕೊಟ್ಟ. ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಪುಟ್ಟ ಪೆಟ್ಟಿಗೆ, ಒಂದು ಮೈಕು, ಕಿವಿ ಪೂರ್ತಿ ಮುಚ್ಚುವ ಎರಡು ಹೆಡ್‌ಫೋನು, ಎಲ್ಲ ಸೆಕೆಂಡ್ ಹ್ಯಾಂಡ್. ಮೈಕಿನ ಸ್ಟ್ಯಾಂಡನ್ನು ಹಲ್ಲಪ್ಪ ಕೆಟ್ಟ ಟೇಬಲ್ ಫ್ಯಾನಿನ ಕಾಲಿಗೆ ಕಬ್ಬಿಣದ ಸಲಾಕಿ ಬಿಗಿದು ತಾವೇ ಮಾಡಿಕೊಂಡರು.

ಜಾಗಕ್ಕೆ ಮೆಟ್ಟಿಲ ಕೆಳಗಿನ ಉಗ್ರಾಣ. ಆರಡಿ ಉದ್ದ, ಐದಡಿ ಅಗಲ. ಮುರುಕು ಮಂಚ, ಸೂಟ್‌ಕೇಸು, ಹಳೆಯ ಪಠ್ಯಪುಸ್ತಕಗಳ ಕಟ್ಟು ಹೊರಗೆ ಬಂದವು. ಹಲ್ಲಪ್ಪ ಒಳಗೆ ನಿಂತು ಒಂದು ಚಪ್ಪಾಳೆ ಹೊಡೆದರು. ಸದ್ದು ಗೋಡೆಯಿಂದ ಗೋಡೆಗೆ ಹಾರಿ ಟಣ್ಣೆಂದಿತು. ಮೊಟ್ಟೆಯ ಟ್ರೇ ಅಂಟಿಸಿದರೆ ಸರಿಹೋಗುತ್ತದೆಂದು ಯಾರೋ ಹೇಳಿದ್ದಕ್ಕೆ ಹೋಟೆಲಿನಿಂದ ನಲವತ್ತು ಟ್ರೇ ತಂದು ಅಂಟಿಸಿದರು. ಮತ್ತೆ ಚಪ್ಪಾಳೆ, ಮತ್ತೆ ಟಣ್. ಟ್ರೇಗಳನ್ನು ಕಿತ್ತು, ಗೋಡೆಗೆ ಒಂದಿಷ್ಟು ಅಂತರ ಬಿಟ್ಟು ದಪ್ಪ ಕಂಬಳಿಗಳನ್ನು ಎರಡು ಪದರ ಮಾಡಿ ನೇತುಹಾಕಿದರು. ಮೂಲೆಗಳಿಗೆ ಹಾಸಿಗೆಯ ಸುರುಳಿ ನಿಲ್ಲಿಸಿದರು. ಈಗ ಚಪ್ಪಾಳೆ ಹೊಡೆದರೆ ಸದ್ದು ಕೈಯಲ್ಲೇ ಸತ್ತಿತು.

“ಚಳಿಗಾಲಕ್ಕೆ ನಾವು ಏನು ಹೊದ್ಕೋಬೇಕು?” ಎಂದು ಹೆಂಡತಿ ಕೇಳಿದರು. ಹಲ್ಲಪ್ಪ ಅಷ್ಟು ದೂರ ಯೋಚಿಸಿರಲಿಲ್ಲ.

ಕಂಪ್ಯೂಟರಿನ ಫ್ಯಾನು ಗುಂಯ್‌ಗುಡುತ್ತಿದ್ದರಿಂದ ಅದನ್ನು ಹೊರಗಿನ ನಡುಮನೆಯಲ್ಲಿಟ್ಟು, ತಂತಿಗಳನ್ನು ಬಾಗಿಲ ಕೆಳಗಿನಿಂದ ಎಳೆದು, ಪರದೆ ಮತ್ತು ಕೀಬೋರ್ಡನ್ನು ಮಾತ್ರ ಒಳಗಿಟ್ಟರು. ಪಕ್ಕದ ಗ್ಯಾರೇಜಿಗೆ ಭಾನುವಾರ ರಜೆ, ಆದ್ದರಿಂದ ರೆಕಾರ್ಡಿಂಗ್ ಭಾನುವಾರ ಬೆಳಿಗ್ಗೆ. ಫ್ರಿಜ್ಜನ್ನೂ ಆರಿಸಬೇಕಿತ್ತು. ಮೊದಲ ಭಾನುವಾರವೇ ಮತ್ತೆ ಹಾಕಲು ಮರೆತು ಹಾಲು ಒಡೆಯಿತು. ಮರುದಿನ ಉಗ್ರಾಣದ ಬಾಗಿಲ ಮೇಲೆ ಟೀಚರಮ್ಮನ ದುಂಡಕ್ಷರದಲ್ಲಿ ‘ಫ್ರಿಜ್?’ ಎಂಬ ಚೀಟಿ ಅಂಟಿತು.

ಮೈಕನ್ನು ವಾದ್ಯದ ಬಾಯಿಯ ಎದುರಿಗೇ ಇಟ್ಟದ್ದು ಮೊದಲ ತಪ್ಪು. ಕೇಳಿದರೆ ಯಾರೋ ಕೊಡದೊಳಗೆ ಬಾಯಿಟ್ಟು ಮಾತಾಡಿದಂತಿತ್ತು. “ನಾದ ಬರೀ ತುದಿಯಿಂದ ಬರುತ್ತೆ ಅಂತ ಯಾರು ಹೇಳಿದ್ರು ನಿಮಗೆ? ಅದು ತೂತು ತೂತಲ್ಲೂ ಬರುತ್ತೆ,” ಎಂದರು ಮಾಸ್ಟರು. ಅಳಿಯನಿಗೆ ಅವರು ಹೇಳಿಕೊಟ್ಟ ಮೊದಲ ಪಾಠ ಅದು. ಮೈಕು ಬೆರಳುಗಳ ಮೇಲ್ಗಡೆ ಒಂದಡಿ ದೂರಕ್ಕೆ ಬಂತು.

ಎರಡನೆಯ ತೊಂದರೆ ಇನ್ನೂ ವಿಚಿತ್ರದ್ದು. ಹೆಡ್‌ಫೋನು ಹಾಕಿಕೊಂಡು ಊದಲು ಶುರು ಮಾಡಿದ ಮಾಸ್ಟರು ನಾಲ್ಕು ಸ್ವರಕ್ಕೇ ನಿಲ್ಲಿಸಿ ಹಿಂದೆ ತಿರುಗಿ ನೋಡಿದರು. “ಯಾರೋ ನನ್ನ ಅಣಕಿಸ್ತಿದಾರೆ ಅಳಿಯಂದ್ರೆ. ನಾನು ಊದಿದ್ದನ್ನೇ ಒಂಚೂರು ತಡೆದು ಊದ್ತಿದಾರೆ.” ಅವರದೇ ನಾದ ಕಂಪ್ಯೂಟರಿನೊಳಗೆ ಸುತ್ತಿ ಕಿವಿಗೆ ಬರುವಷ್ಟರಲ್ಲಿ ತಡವಾಗುತ್ತಿತ್ತು. ಹಲ್ಲಪ್ಪ ಎರಡು ವಾರ ಗುದ್ದಾಡಿದರು. ಕೊನೆಗೆ ರಿಪೇರಿಯವನು ಬಂದು ಪುಟ್ಟ ಪೆಟ್ಟಿಗೆಯ ಮೇಲಿದ್ದ ಒಂದು ಗುಂಡಿ ಒತ್ತಿದ. ಮೈಕಿನ ದನಿ ಕಂಪ್ಯೂಟರಿಗೆ ಹೋಗುವ ಮೊದಲೇ ನೇರವಾಗಿ ಕಿವಿಗೆ ಬರುವ ಹಾದಿ ಅದು. ಅಣಕಿಸುವವನು ಹೊರಟುಹೋದ.

ಮೂರನೆಯದು ತಾಳದ್ದು. ತುಂಡು ತುಂಡಾಗಿ ನುಡಿಸಿ ಜೋಡಿಸಬೇಕಾದರೆ ಎಲ್ಲಕ್ಕೂ ಒಂದೇ ನಡೆ ಬೇಕು. ಕಂಪ್ಯೂಟರು ಟಿಕ್ ಟಿಕ್ ಎಂದು ತಾಳ ಕೊಡುತ್ತಿತ್ತು. ಮಾಸ್ಟರು ಹೆಡ್‌ಫೋನು ಕಿತ್ತು ಕೆಳಗಿಟ್ಟರು. “ಹನ್ನೆರಡು ವರ್ಷ ಜನಕ್ಕೆ ತಾಳ ಕೊಟ್ಟೋನು ನಾನು. ಈ ಗಡಿಯಾರದ ಹಿಂದೆ ನಡೀಬೇಕಾ?” ತಾವೇ ಕೈ ತಟ್ಟಿ ರೆಕಾರ್ಡ್ ಮಾಡುತ್ತೇನೆಂದರು. ಮಾಡಿದರು. ಪರದೆಯ ಮೇಲೆ ನೋಡಿದಾಗ ಶುರುವಿಗೂ ಕೊನೆಗೂ ಅಜಗಜಾಂತರ, ಮನೆಗೆ ಹೊರಟ ಎತ್ತಿನ ಹಾಗೆ ಓಡಿಬಿಟ್ಟಿದ್ದರು. ಅಳಿಯ ಅದನ್ನು ಹೇಳಲಾರದೆ ಪರದೆಯನ್ನೇ ತೋರಿಸಿದರು. ಮಾಸ್ಟರು ಬಹಳ ಹೊತ್ತು ನೋಡಿದರು.

“ವಯಸ್ಸಾಯ್ತು,” ಎಂದರು.

ಬಾಗಿಲ ಹತ್ತಿರ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದ ಮಗಳು, “ಕೊಡಿ ನಾನು ತಟ್ತೀನಿ,” ಎಂದರು. ಯಾರೂ ಏನೂ ಹೇಳುವ ಮೊದಲೇ ಮರದ ಸ್ಕೇಲು ತೆಗೆದುಕೊಂಡು, ಹೊರಗೆ ಬಿದ್ದಿದ್ದ ಹಳೆಯ ಸೂಟ್‌ಕೇಸನ್ನು ತೊಡೆಯ ಮೇಲಿಟ್ಟುಕೊಂಡು ತಟ್ಟಿದರು. ಬರೀ ತಾಳವಲ್ಲ, ಮಾರ್ಚಿನ ಡ್ರಮ್ಮಿನ ಭಾಗವನ್ನು ಮೊದಲಿನಿಂದ ಕೊನೆಯವರೆಗೆ, ತಿರುವು, ನಿಲುಗಡೆ ಸಮೇತ. ನಾಲ್ಕು ನಿಮಿಷ. ಪರದೆಯ ಮೇಲೆ ಗೀರುಗಳು ಬೇಲಿ ಕಂಬದ ಹಾಗೆ ಒಂದೇ ಅಂತರದಲ್ಲಿ ನಿಂತಿದ್ದವು.

“ಯಾರು ಹೇಳಿಕೊಟ್ರು ನಿಂಗೆ ಪುಟ್ಟೀ?” ಎಂದರು ಮಾಸ್ಟರು.

“ಯಾರು ಹೇಳಿಕೊಡ್ತಾರೆ? ನೀವು ಗೇಟಿನ ಹತ್ತಿರ ನುಡಿಸುವಾಗ ಬುತ್ತಿ ಹಿಡ್ಕೊಂಡು ನಿಂತಿರ್ತಿದ್ನಲ್ಲ. ಹನ್ನೊಂದು ವರ್ಷದವಳಿದ್ದಾಗ ಒಂದ್ಸಲ ನಿಮ್ಮನ್ನ ಕೇಳಿದ್ದೆ, ನಾನೂ ಡ್ರಮ್ಮು ಬಾರಿಸ್ತೀನಿ ಅಂತ. ಹುಡುಗೀರನ್ನ ಬ್ಯಾಂಡಿಗೆ ಸೇರಿಸಲ್ಲ ಅಂದ್ರಿ.”

ಮಾಸ್ಟರಿಗೆ ಅದು ನೆನಪಿರಲಿಲ್ಲ. ಹಾಗೆಂದು ಹೇಳಿದರು ಕೂಡ. ಮಗಳು ಸ್ಕೇಲನ್ನು ಉತ್ತರಪತ್ರಿಕೆಗಳ ಮೇಲಿಟ್ಟು ಒಲೆ ನೋಡಲು ಹೋದರು. ಡ್ರಮ್ಮಿನ ಟ್ರ್ಯಾಕನ್ನು ಮತ್ತೆ ಮಾಡುವ ಮಾತು ಬರಲಿಲ್ಲ. ಸೂಟ್‌ಕೇಸೇ ಉಳಿಯಿತು.

ಹೀಗೆ ಭಾನುವಾರಗಳು ಸಾಗಿದವು. ತಪ್ಪಿದ್ದನ್ನೆಲ್ಲ ಮತ್ತೆ ಊದಿ, ಮೊದಲ ಕ್ಲಾರಿನೆಟ್ ಭಾಗ ಹತ್ತೊಂಬತ್ತು ತುಂಡುಗಳಲ್ಲಿ ಮುಗಿಯಿತು. ವಾರದ ನಡುವೆ ಸಂಜೆ ಹಲ್ಲಪ್ಪ ಕೂತು ತುಂಡುಗಳನ್ನು ಜೋಡಿಸುತ್ತಿದ್ದರು. ಉಸಿರು ಎಳೆದುಕೊಳ್ಳುವ ಜಾಗದಲ್ಲಿ ಕತ್ತರಿಸಿದರೆ ಹೊಲಿಗೆ ಕೇಳುವುದಿಲ್ಲ ಎಂಬುದನ್ನು ಯಾರೂ ಹೇಳದೆಯೇ ಕಂಡುಕೊಂಡರು. ಸ್ವರ ಯಾವುದೆಂದು ಅವರಿಗೆ ಈಗಲೂ ತಿಳಿಯುತ್ತಿರಲಿಲ್ಲ, ಆದರೆ ಒಂದೇ ತುಂಡನ್ನು ನೂರು ಸಲ ಕೇಳಿ ಕೇಳಿ ಅದರೊಳಗಿನ ಸಣ್ಣಪುಟ್ಟ ಸದ್ದುಗಳು ಗುರುತು ಸಿಗತೊಡಗಿದವು. ಸೆಟ್ಟು ಸಡಿಲಾಗುವುದಕ್ಕೆ ಹತ್ತು ಸೆಕೆಂಡು ಮೊದಲು ಒಂದು ಸೂಕ್ಷ್ಮವಾದ ‘ಸ್’ ಬರುತ್ತಿತ್ತು. ಗಾಳಿ ನುಸುಳುವ ಸದ್ದು. ಮಾವನ ಬಾಯಿಯ ಹತ್ತಿರ ಕಿವಿಯಿಟ್ಟು ಕೇಳಿ, ಅದು ಎಡಗಡೆಯ ಹಿಂಭಾಗದ್ದು ಎಂದು ಪತ್ತೆ ಮಾಡಿದರು. ಮಾರನೆಯ ದಿನ ಅಲ್ಲಿಗೆ ಒಂದು ಕೂದಲೆಳೆಯಷ್ಟು ಹಿಟ್ಟು ಸೇರಿಸಿದರು. ಎರಡು ನಿಮಿಷ ಮೂರಾಯಿತು. ಅಂದು ಅವರು ಗೆದ್ದವರಂತೆ ಓಡಾಡಿದರು.

ಹಿಟ್ಟು ಸೇರಿಸಿದ ಐದನೆಯ ವಾರ ಮಾಸ್ಟರು ಊಟ ಕಡಿಮೆ ಮಾಡಿದರು. ಹಸಿವಿಲ್ಲ ಎಂದರು. ಆದರೆ ಭಾನುವಾರ ಒಂದು ತುಂಡನ್ನೂ ಬಿಡದೆ ಊದಿದರು. ಆ ದಿನದ ರೆಕಾರ್ಡಿಂಗ್ ಕೇಳುವಾಗ ಪ್ರತಿ ತುಂಡಿನ ಕೊನೆಗೂ ಒಂದು ಸಣ್ಣ ನರಳಿಕೆ ಇರುವುದು ಹಲ್ಲಪ್ಪನವರಿಗೆ ಕೇಳಿಸಿತು. ಊದುವವರು ಹೊರಗೆ ಬಿಡದೆ ನುಂಗಿದ ಸದ್ದು, ಮೈಕು ಮಾತ್ರ ಬಿಟ್ಟಿರಲಿಲ್ಲ. ಅವರು ನೇರವಾಗಿ ಮಾವನ ಕೋಣೆಗೆ ಹೋಗಿ, “ಮಾವ, ಬಾಯಿ ತೆಗೀರಿ,” ಎಂದರು. ಎಡಗಡೆ ಹಿಂದೆ, ತಾವು ಹಿಟ್ಟು ಸೇರಿಸಿದ್ದ ಜಾಗದಲ್ಲೇ, ಬಿಳಿಯ ಅಂಚಿನ ಹುಣ್ಣು. ಉಗುರಿನಷ್ಟು ಅಗಲ.

“ಎಷ್ಟು ದಿನ ಆಯ್ತು?”

“ಆಗಿದೆ ಒಂದಿಷ್ಟು ದಿನ.”

“ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀವು ನಿಲ್ಲಿಸ್ತಿದ್ರಿ.”

ಡಾಕ್ಟರಮ್ಮ ಹುಣ್ಣು ನೋಡಿ ಇಬ್ಬರಿಗೂ ಸೇರಿಸಿ ಬೈದರು. ಊಟದ್ದು, ಊದುವುದು ಎರಡೂ ಸೆಟ್ಟು ತೆಗೆದಿಟ್ಟು ಮೂರು ವಾರ ಗಂಜಿ, ಮೆದುವಾದ ಆಹಾರ, ಅಷ್ಟೇ. ಮನೆಯಲ್ಲಿ ಮಗಳು ಅಪ್ಪನಿಗೆ ಒಂದು ಮಾತೂ ಆಡಲಿಲ್ಲ, ಗಂಡನಿಗೆ ಆಡಿದರು. “ಅವರಿಗೆ ನುಡಿಸೋ ಹುಚ್ಚು, ಸರಿ. ನಿಮಗೇನು ಬಂದಿತ್ತು? ಅವರು ‘ಚೆನ್ನಾಗಿದೆ’ ಅಂತ ಒಂದು ಮಾತು ಹೇಳಬೇಕು ಅಂತ ತಾನೇ ಇಷ್ಟೆಲ್ಲ?” ಆಕೆ ಗುರಿಯಿಟ್ಟ ಜಾಗಕ್ಕೇ ಹೊಡೆದಿದ್ದರು. ಆ ಮೂರು ವಾರ ಉಗ್ರಾಣದ ಬಾಗಿಲು ಮುಚ್ಚಿತ್ತು. ಕಂಬಳಿಗಳಲ್ಲಿ ಎರಡನ್ನು ಟೀಚರಮ್ಮ ವಾಪಸು ತೆಗೆದುಕೊಂಡರು.

ಹುಣ್ಣು ಮಾಗಿದ ಮೇಲೆ ಹಲ್ಲಪ್ಪ ಸೇರಿಸಿದ್ದ ಹಿಟ್ಟನ್ನು ಪೂರ್ತಿ ತೇಯ್ದು ತೆಗೆದರು. “ಎರಡೇ ನಿಮಿಷ ಮಾವ. ಮೂರು ಬೇಡ. ನೋವಾದ ತಕ್ಷಣ ಕೈ ಎತ್ತಬೇಕು. ಒಪ್ಪಿದ್ರೆ ಮುಂದೆ, ಇಲ್ಲಾಂದ್ರೆ ಇಲ್ಲ,” ಎಂದರು. ಮಾವನೊಂದಿಗೆ ಅವರು ಹಾಗೆ ಷರತ್ತು ಹಾಕಿ ಮಾತಾಡಿದ್ದು ಅದೇ ಮೊದಲು. ಮಾಸ್ಟರು ಮಗಳ ಕಡೆ ನೋಡಿದರು. ಮಗಳು ತಲೆಯಾಡಿಸಿದರು. ಕಂಬಳಿಗಳು ಮತ್ತೆ ಗೋಡೆಗೆ ಬಂದವು.

ಟ್ರಂಪೆಟ್ಟಿನ ಭಾಗವನ್ನೂ ಮಾಸ್ಟರು ಕ್ಲಾರಿನೆಟ್ಟಿನಲ್ಲೇ ಊದಿದರು. ಬಾಸ್ ಕಹಳೆಯದನ್ನು ಅವರು ಊದಿದ ಮೇಲೆ ಹಲ್ಲಪ್ಪ ಕಂಪ್ಯೂಟರಿನಲ್ಲಿ ಒಂದು ಸ್ಥಾಯಿ ಕೆಳಗಿಳಿಸಿದರು. ಮೊದಲ ಸಲ ಕೇಳಿ, “ಹಸು ಕೆಮ್ಮಿದ ಹಾಗಿದೆ,” ಎಂದರು ಮಾಸ್ಟರು. ಸದ್ದು ತಗ್ಗಿಸಿ ಹಿಂದೆ ಸರಿಸಿದ ಮೇಲೆ, “ಇರಲಿ, ಬಾಸಿನವನೂ ಹಾಗೇ ಊದ್ತಿದ್ದ,” ಎಂದು ಒಪ್ಪಿದರು.

ಕೊನೆಗೆ ಉಳಿದದ್ದು ಎರಡನೆಯ ಕ್ಲಾರಿನೆಟ್. ಅದನ್ನು ಗಿರಣಿಯಲ್ಲಿ ನುಡಿಸುತ್ತಿದ್ದವರು ಮಾಸ್ಟರ ಜೊತೆಗಾರರು, ಬಣ್ಣ ಹಾಕುವ ವಿಭಾಗದವರು. ಕೈ ಯಾವಾಗಲೂ ನೀಲಿ, ಹಾಗಾಗಿ ಎಲ್ಲರಿಗೂ ಅವರು ‘ನೀಲಿ’. ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಆ ಭಾಗವನ್ನು ಮಾಸ್ಟರು ಎರಡು ಭಾನುವಾರಗಳಲ್ಲಿ ಸಲೀಸಾಗಿ ಊದಿ ಮುಗಿಸಿದರು. ಹಲ್ಲಪ್ಪ ಜೋಡಿಸುವಾಗ ನೋಡುತ್ತಾರೆ, ಪಲ್ಲವಿ ತಿರುಗಿ ಬರುವ ಕಡೆಯಲ್ಲೆಲ್ಲ ಎರಡನೆಯ ಕ್ಲಾರಿನೆಟ್ ಕೂದಲೆಳೆಯಷ್ಟು ತಡ. ವಯಸ್ಸಾಯಿತು ಎಂದಿದ್ದರಲ್ಲ, ಪಾಪ, ಎಂದುಕೊಂಡು ಪ್ರತಿಯೊಂದನ್ನೂ ಮೌಸಿನಿಂದ ಎಳೆದು ಗೀರಿಗೆ ಗೀರು ಕೂಡಿಸಿ ಇಟ್ಟರು. ಮಾವನಿಗೆ ಹೇಳುವ ಅಗತ್ಯ ಕಾಣಲಿಲ್ಲ.

ಮುಂದಿನ ಭಾನುವಾರ ಕೇಳಿಸಿದಾಗ ಮಾಸ್ಟರು ಅರ್ಧಕ್ಕೇ ಕೈ ಎತ್ತಿದರು. ನೋವೇನೋ ಎಂದುಕೊಂಡು ಹಲ್ಲಪ್ಪ ಎದ್ದರು.

“ಇದನ್ನ ಯಾರು ಸರಿ ಮಾಡಿದ್ದು?”

“ಒಂಚೂರು ಹಿಂದೆ ಬಿದ್ದಿತ್ತು ಮಾವ. ಅದಕ್ಕೇ ನಾನು...”

“ಹಿಂದೆ ಬಿದ್ದಿರಲಿಲ್ಲ. ನಾನು ಬೀಳಿಸಿದ್ದೆ.” ಮಾಸ್ಟರ ದನಿ ಏರಲಿಲ್ಲ. “ನೀಲಿ ಅಲ್ಲಿ ಉಸಿರು ತಗೋತಿದ್ದ. ಬಣ್ಣದ ಹೊಗೆ ಕುಡಿದು ಕುಡಿದು ಅವನಿಗೆ ಎಲ್ಲರ ಹಾಗೆ ಉಸಿರು ನಿಲ್ತಿರಲಿಲ್ಲ. ಎಷ್ಟೋ ವರ್ಷ ಬೈದೆ ಅವನಿಗೆ. ಆಮೇಲೆ ನಾವೇ ಅದಕ್ಕೆ ಹೊಂದಿಕೊಂಡ್ವಿ. ಅವನು ಸರಿಯಾಗಿ ಬಂದ್ರೆ ಇದು ನಮ್ಮ ಮಾರ್ಚೇ ಅಲ್ಲ.”

ಹಲ್ಲಪ್ಪನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಸೆಟ್ಟು ಕಟ್ಟುವಾಗ ಹಲ್ಲುಗಳನ್ನು ಒಂದೇ ಸಾಲಿಗೆ ನಿಲ್ಲಿಸಿದರೆ ನೋಡಿದವರಿಗೆ ಸುಳ್ಳು ಹಲ್ಲೆಂದು ತಕ್ಷಣ ಗೊತ್ತಾಗುತ್ತದೆ. ಹಳೆಯ ಫೋಟೋ ಕೇಳಿ ತರಿಸಿಕೊಂಡು, ಆ ಮನುಷ್ಯನಿಗೆ ಮೊದಲು ಯಾವ ಹಲ್ಲು ಸೊಟ್ಟ ಇತ್ತೋ ಅದನ್ನು ಅಷ್ಟೇ ಸೊಟ್ಟಗೆ ಕೂರಿಸುವುದು ಅವರ ಪದ್ಧತಿ. ಡಾಕ್ಟರಮ್ಮ ಅದನ್ನು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಹಲ್ಲಪ್ಪ ಕುರ್ಚಿ ಎಳೆದುಕೊಂಡು ಕೂತು, ತಾವು ಸರಿಸಿದ್ದ ತುಂಡುಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿದರು. ಮಾಸ್ಟರು ಪಕ್ಕದಲ್ಲಿ ನಿಂತು ಪ್ರತಿಯೊಂದಕ್ಕೂ, “ಇನ್ನೊಂಚೂರು... ಸಾಕು,” ಎನ್ನುತ್ತಿದ್ದರು. ಆ ಕೆಲಸ ಮಧ್ಯಾಹ್ನದ ಊಟದ ಹೊತ್ತನ್ನೂ ಮೀರಿತು. ಇಬ್ಬರೂ ಅಷ್ಟು ಹೊತ್ತು ಒಂದೇ ಕೋಣೆಯಲ್ಲಿ ಕೂತದ್ದು ಮದುವೆಯಾದ ಹದಿನೆಂಟು ವರ್ಷದಲ್ಲಿ ಇರಲಿಲ್ಲ.

ಒಟ್ಟು ಎಪ್ಪತ್ತೊಂದು ತುಂಡು. ನಾಲ್ಕು ನಿಮಿಷದ ಮಾರ್ಚು. ಮುಗಿಯುವಷ್ಟರಲ್ಲಿ ಏಳು ತಿಂಗಳಾಗಿತ್ತು.

ಟ್ರಂಪೆಟ್ಟಿನವರನ್ನು ಮನೆಗೆ ಕರೆದರು. ಎಂಬತ್ತರ ಹತ್ತಿರದವರು, ಮೊಮ್ಮಗಳ ಕೈ ಹಿಡಿದು ಬಂದರು. ಉಗ್ರಾಣದಲ್ಲಿ ಕೂರಿಸಿ ಹೆಡ್‌ಫೋನು ಹಾಕಿದರು. ಶುರುವಾದ ಅರ್ಧ ನಿಮಿಷಕ್ಕೇ ಅವರು ಜೋರಾಗಿ, ಹೆಡ್‌ಫೋನು ಹಾಕಿದವರೆಲ್ಲ ಕೂಗುವಂತೆ ಕೂಗಿದರು. “ನನ್ನದನ್ನ ಯಾರಯ್ಯಾ ಊದಿದ್ದು? ನಾನು ಇಷ್ಟು ಮೆತ್ತಗೆ ಎಲ್ಲಿ ಊದ್ತಿದ್ದೆ?” ಮಾಸ್ಟರು ನಕ್ಕರು. ಪಲ್ಲವಿ ತಿರುಗಿ ಬಂದಾಗ ಮಾತ್ರ ಟ್ರಂಪೆಟ್ಟಿನವರು ತಲೆಯೆತ್ತಿ ಮಾಸ್ಟರ ಕಡೆ ನೋಡಿದರು. ಮುಗಿದ ಮೇಲೆ ಹೆಡ್‌ಫೋನು ತೆಗೆದು, ಈ ಸಲ ಮೆಲ್ಲನೆ, “ಇದು ಅವನಿದ್ದಾಗಿನದಾ?” ಎಂದು ಕೇಳಿದರು.

“ಅಲ್ಲ,” ಎಂದರು ಮಾಸ್ಟರು. “ಹೋದ ತಿಂಗಳಿನದು.”

ಟ್ರಂಪೆಟ್ಟಿನವರು ಇನ್ನೊಂದು ಸಲ ಹಾಕಿ ಎಂದರು. ಹಾಕಿದರು. ಕಾಫಿ ಕುಡಿದು ಹೋದರು. ಮಾರ್ಚು ಮೊಮ್ಮಗಳ ಫೋನಿನಿಂದ ಗಿರಣಿಯ ಹಳೆಯ ಕೆಲಸಗಾರರ ಫೋನುಗಳಿಗೆ ಹೋಯಿತು. ಕೆಲವರು ಕರೆ ಮಾಡಿದರು. ಒಬ್ಬಾಕೆ, ಡ್ರಮ್ಮು ಬಾರಿಸಿದವರು ಯಾರು, ಬಹಳ ಚೆನ್ನಾಗಿದೆ ಎಂದರು. ಮಾಸ್ಟರು, “ನನ್ನ ಮಗಳು,” ಎಂದರು. ಸೂಟ್‌ಕೇಸಿನ ವಿಷಯ ಹೇಳಲಿಲ್ಲ.

ಅಲ್ಲಿಗೆ ಮಾಸ್ಟರ ಮಟ್ಟಿಗೆ ಆ ಕೆಲಸ ಮುಗಿಯಿತು. ಇನ್ನೊಂದು ಮಾರ್ಚು ಮಾಡೋಣವೇ ಎಂದು ಅಳಿಯ ಕೇಳಿದ್ದಕ್ಕೆ, “ಬಾಯಿ ಸಾಕು ಅಂತಿದೆ,” ಎಂದರು. ಊದುವ ಸೆಟ್ಟನ್ನು ಅಳಿಯನ ಕೈಗೆ ಕೊಟ್ಟರು, ಊಟದ ಸೆಟ್ಟನ್ನು ಇಟ್ಟುಕೊಂಡರು. ರೆಕಾರ್ಡಿಂಗನ್ನು ಅವರು ಮತ್ತೆ ಕೇಳಿದ್ದನ್ನು ಮನೆಯವರು ಕಂಡಿಲ್ಲ. ‘ಚೆನ್ನಾಗಿದೆ’ ಎಂಬ ಮಾತನ್ನೂ ಅವರು ಹೇಳಲಿಲ್ಲ. ಆದರೆ ಸಂಜೆ ಐದಕ್ಕೆ ಅಳಿಯ ಕ್ಲಿನಿಕ್ಕಿನಿಂದ ಬಂದರೆ ಮಾಸ್ಟರು ತಮ್ಮ ಕುರ್ಚಿಯ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದಿಡುತ್ತಿದ್ದರು. ಇಬ್ಬರೂ ಕೂತು ಗಿರಣಿಯ ಕಥೆ, ಕ್ಲಿನಿಕ್ಕಿನ ಕಥೆ ಮಾತಾಡುತ್ತಿದ್ದರು. ಹೀಗೆ ಎರಡು ವರ್ಷ ನಡೆದು, ಮೂರನೆಯ ವರ್ಷದ ಆರಂಭದಲ್ಲಿ ಮಾಸ್ಟರು ನಿದ್ದೆಯಲ್ಲಿ ತೀರಿಕೊಂಡರು.

ಹಲ್ಲಪ್ಪ ಕ್ಲಿನಿಕ್ಕಿನ ಕೆಲಸ ಬಿಟ್ಟು ಈಗ ಮನೆಯಲ್ಲೇ ಇದ್ದಾರೆ. ಊದುವವರಿಗೆ ಹಲ್ಲು ಕಟ್ಟುವವರೊಬ್ಬರಿದ್ದಾರೆ ಎಂಬ ಸುದ್ದಿ ಹೇಗೋ ಬಾಯಿಂದ ಬಾಯಿಗೆ ಹೋಗಿ, ದೂರದಿಂದ ಜನ ಬರುತ್ತಾರೆ. ಪೊಲೀಸ್ ಬ್ಯಾಂಡಿನವರು, ಕೊಳಲಿನವರು, ಒಮ್ಮೆ ಬಸ್ ಕಂಡಕ್ಟರೊಬ್ಬರು ಸೀಟಿ ಊದಲಾಗುತ್ತಿಲ್ಲ ಎಂದು. ಅಚ್ಚು ತೆಗೆಯಲು ಡಾಕ್ಟರಮ್ಮನ ಹತ್ತಿರ ಕಳಿಸುತ್ತಾರೆ, ಸೆಟ್ಟು ತಾವು ಕಟ್ಟುತ್ತಾರೆ, ಆಮೇಲೆ ಉಗ್ರಾಣದಲ್ಲಿ ಕೂರಿಸಿ ಊದಿಸಿ ರೆಕಾರ್ಡ್ ಮಾಡಿಕೊಂಡು ಕೇಳುತ್ತಾರೆ. ಕಂಡಕ್ಟರ ಸೀಟಿಯ ರೆಕಾರ್ಡಿಂಗ್ ಕೂಡ ಅವರ ಕಂಪ್ಯೂಟರಿನಲ್ಲಿದೆ.

ಹೋದ ವಾರ ಒಬ್ಬ ಟ್ರಂಪೆಟ್ ವಾದಕಿ ಬಂದಿದ್ದರು. ಅಪಘಾತದಲ್ಲಿ ಮುಂದಿನ ಆರು ಹಲ್ಲು ಹೋಗಿದ್ದವು. ಐವತ್ತರ ಹೆಂಗಸು, ಬಾಗಿಲಲ್ಲೇ ನಿಂತು, “ಮೊದಲಿನ ಹಾಗೆ ಊದೋಕೆ ಆಗುತ್ತಾ ಸರ್? ಖಂಡಿತ ಹೇಳಿ,” ಎಂದರು.

“ಖಂಡಿತ ಹೇಳೋಕೆ ಬರಲ್ಲಮ್ಮಾ,” ಎಂದರು ಹಲ್ಲಪ್ಪ. “ಮೊದಲು ಹೇಗೆ ಊದ್ತಿದ್ರಿ ಅನ್ನೋದು ಏನಾದ್ರೂ ರೆಕಾರ್ಡ್ ಇದ್ರೆ ತನ್ನಿ, ಕೇಳೋಣ. ಫೋಟೋನೂ ಒಂದು ಇರಲಿ.”

ಆಕೆ ಚೀಲದಿಂದ ಫೋನು ತೆಗೆದು ಹುಡುಕತೊಡಗಿದರು. ಟೀಚರಮ್ಮ ಒಳಗಿನಿಂದ ಬಂದು, ಫ್ರಿಜ್ಜು ಆರಿಸಬೇಕೋ ಬೇಡವೋ ಎಂದು ಕೇಳಿದರು. ಇನ್ನೂ ಬೇಡ ಎಂದು ಹಲ್ಲಪ್ಪ ಬಂದವರಿಗೆ ಕುರ್ಚಿ ತೋರಿಸಿದರು.